ಬಿಗಿ ಸುರುಳಿ ಕೂದಲಿಗೆ ತೇವ ಹಿಡಿಸುವುದು: ಪೊರೋಸಿಟಿ ನೋಡಿಕೊಂಡು ನಾನು ಅನುಸರಿಸುವ ಕ್ರಮ

ಎಷ್ಟು ಎಣ್ಣೆ ಹಚ್ಚಿದರೂ ಕೂದಲು ಒರಟಾಗಿಯೇ ಇದೆ ಅನ್ನುವುದು ಬಿಗಿ ಸುರುಳಿಯವರ ಸಾಮಾನ್ಯ ದೂರು. ಎಣ್ಣೆಯಲ್ಲಿ ನೀರಿನಂಶ ಇರುವುದಿಲ್ಲ. ಕೂದಲನ್ನು ಮೆದುವಾಗಿಸಿ ಬಾಗಿಸುವುದು ನೀರು. ಆ ನೀರು ಬೇಗ ಆರಿಹೋಗದಂತೆ ತಡೆಯುವುದು, ಎಳೆಗೆ ಎಳೆ ಉಜ್ಜದಂತೆ ಜಾರಿಸುವುದು ಎಣ್ಣೆಯ ಕೆಲಸ. ಆದ್ದರಿಂದ ನನ್ನ ಕ್ರಮದಲ್ಲಿ ಮೊದಲು ನೀರು, ಆಮೇಲೆ ಉಳಿದದ್ದು. ಆ ನೀರು ಒಳಗೆ ಹೋಗುವುದೇ ಕಷ್ಟವೋ ಅಥವಾ ಒಳಗೆ ಹೋದದ್ದು ನಿಲ್ಲುವುದು ಕಷ್ಟವೋ ಎಂದು ತಿಳಿಯಲು ಪೊರೋಸಿಟಿ, ಅಂದರೆ ಕೂದಲು ನೀರನ್ನು ಎಷ್ಟು ಬೇಗ ಹೀರಿ ಎಷ್ಟು ಬೇಗ ಬಿಡುತ್ತದೆ ಎಂಬುದನ್ನು ನೋಡಬೇಕು.

ಕೂದಲಿನ ಹೊರಪದರಕ್ಕೆ ಕ್ಯೂಟಿಕಲ್ ಎನ್ನುತ್ತಾರೆ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಚಪ್ಪಟೆ ಕೋಶಗಳು ಅವು. ಅವುಗಳ ಮೇಲ್ಮೈಗೆ 18-ಎಂಇಎ ಎಂಬ ಕೊಬ್ಬಿನಾಮ್ಲದ ತೆಳು ಲೇಪ ಅಂಟಿಕೊಂಡಿರುತ್ತದೆ, ನೀರನ್ನು ಹೊರಗೆ ತಳ್ಳುವುದು ಅದೇ. ಲೇಪ ಸರಿಯಾಗಿದ್ದು ಕೋಶಗಳು ಒತ್ತಾಗಿ ಕೂತಿದ್ದರೆ ಪೊರೋಸಿಟಿ ಕಡಿಮೆ: ನೀರು ನಿಧಾನವಾಗಿ ಒಳಹೋಗುತ್ತದೆ, ನಿಧಾನವಾಗಿ ಹೊರಬರುತ್ತದೆ. ಬ್ಲೀಚ್, ಸುರುಳಿಯನ್ನು ನೇರ ಮಾಡುವ ರಿಲ್ಯಾಕ್ಸರ್ ರಾಸಾಯನಿಕ, ಅತಿಯಾದ ಬಿಸಿ, ಬಿಸಿಲು, ವರ್ಷಗಳ ಉಜ್ಜಾಟ ಇವೆಲ್ಲ ಆ ಲೇಪವನ್ನು ಕಳೆದು ಕೋಶಗಳ ಅಂಚು ಎಬ್ಬಿಸುತ್ತವೆ. ಆಗ ಪೊರೋಸಿಟಿ ಹೆಚ್ಚು. ಕೂದಲಿನ ಎಳೆ ಜೀವವಿಲ್ಲದ್ದು, ಕಳೆದುಹೋದ ಲೇಪ ಅಲ್ಲಿ ಮತ್ತೆ ಬೆಳೆಯುವುದಿಲ್ಲ. ಕಂಡೀಷನರ್ ತಾತ್ಕಾಲಿಕವಾಗಿ ಆ ಜಾಗವನ್ನು ತುಂಬುತ್ತದೆ.

ಸುರುಳಿ ಕೂದಲಿಗೆ ಇನ್ನೂ ಎರಡು ತೊಡಕು. ಎಳೆಯ ಅಡ್ಡಕೊಯ್ತ ದುಂಡಗಿರದೆ ಚಪ್ಪಟೆ ಅಂಡಾಕಾರದಲ್ಲಿರುತ್ತದೆ, ಪ್ರತಿ ತಿರುವೂ ಬೇಗ ಸವೆಯುವ ಜಾಗ. ಜೊತೆಗೆ ನೆತ್ತಿಯಲ್ಲಿ ಹುಟ್ಟುವ ಸಹಜ ಜಿಡ್ಡು ಅಷ್ಟು ತಿರುವುಗಳನ್ನು ದಾಟಿ ತುದಿಗೆ ಇಳಿಯುವುದಿಲ್ಲ. ಹೀಗಾಗಿ ಬಣ್ಣವನ್ನೇ ಕಾಣದ ತಲೆಯಲ್ಲೂ ಬುಡದ ಪೊರೋಸಿಟಿ ಕಡಿಮೆ, ತುದಿಯದ್ದು ಹೆಚ್ಚು ಇರುವುದು ಸಾಮಾನ್ಯ. ಇಡೀ ತಲೆಗೆ ಒಂದೇ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. 4ಎ, 4ಬಿ, 4ಸಿ ಎಂಬ ವಿಂಗಡಣೆ ಹೇಳುವುದು ಸುರುಳಿಯ ಆಕಾರವನ್ನು ಮಾತ್ರ. ಇಬ್ಬರು 4ಸಿ ಕೂದಲಿನವರಿಗೆ ತದ್ವಿರುದ್ಧ ಆರೈಕೆ ಬೇಕಾಗಬಹುದು.

ಲೋಟದ ನೀರಿಗೆ ಒಂದು ಎಳೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಕೂದಲು ನೀರಿಗಿಂತ ಭಾರ. ಅದು ತೇಲುವುದು ನೀರಿನ ಮೇಲ್ಮೈ ಎಳೆತದಿಂದ, ಮೈಗೆ ಅಂಟಿದ ಗಾಳಿಗುಳ್ಳೆಗಳಿಂದ, ಉಳಿದ ಎಣ್ಣೆಯಿಂದ. ಬೆರಳಿನಿಂದ ಸ್ವಲ್ಪ ಒತ್ತಿದರೂ ಫಲಿತಾಂಶ ಬದಲಾಗುತ್ತದೆ.

ಅದರ ಬದಲು ಹೀಗೆ ಮಾಡುತ್ತೇನೆ. ಶೇಖರವಾದ ಜಿಡ್ಡು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ತೊಳೆದು, ಕಂಡೀಷನರ್ ಏನೂ ಹಚ್ಚದೆ ಪೂರ್ತಿ ಒಣಗಲು ಬಿಡುತ್ತೇನೆ. ಹಣೆಯ ಅಂಚು, ನಡುನೆತ್ತಿ, ಕಿವಿಯ ಹಿಂದೆ, ಕತ್ತಿನ ಮೇಲ್ಭಾಗ ಈ ನಾಲ್ಕು ಕಡೆ ಒಂದೊಂದು ಗೊಂಚಲು ಬಿಡಿಸಿ, ಗೇಣು ದೂರದಿಂದ ಸಣ್ಣ ಹನಿಗಳಾಗಿ ನೀರು ಸಿಂಪಡಿಸುತ್ತೇನೆ. ಬುಡಕ್ಕೊಮ್ಮೆ, ತುದಿಗೊಮ್ಮೆ. ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ: ಕಡಿಮೆ ಪೊರೋಸಿಟಿಯ ಕಡೆ ಹನಿಗಳು ಮಣಿಗಳಾಗಿ ನಿಂತು, ಗೊಂಚಲು ಅಲುಗಿಸಿದರೆ ಉದುರುತ್ತವೆ. ಹೆಚ್ಚು ಇರುವಲ್ಲಿ ಹನಿ ಬಿದ್ದ ಕೂಡಲೇ ಹರಡಿ ಕೂದಲು ಕಪ್ಪಾಗಿ ಒದ್ದೆಯಾಗುತ್ತದೆ. ಇದರ ಜೊತೆ ಸ್ನಾನದಲ್ಲಿ ಪೂರ್ತಿ ನೆನೆಯಲು ಎಷ್ಟು ಹೊತ್ತು ಬೇಕಾಯಿತು, ಒಣಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಗಮನಿಸಬೇಕು. ಆದರೆ ದಟ್ಟ ಕೂದಲು ಹೇಗಿದ್ದರೂ ತಡವಾಗಿ ಒಣಗುತ್ತದೆ, ಅದೊಂದನ್ನೇ ನಂಬಿ ತೀರ್ಮಾನಿಸಬಾರದು.

ನೀರು ಮಣಿಯಾಗಿ ನಿಲ್ಲುವ ಕೂದಲಿಗೆ ಬೇಕಾದದ್ದು ಬೆಚ್ಚಗೆ ಮತ್ತು ತಾಳ್ಮೆ. ಉಗುರುಬೆಚ್ಚಗಿನ ನೀರಿನ ಕೆಳಗೆ, ಗೊಂಚಲುಗಳನ್ನು ಬಿಡಿಸಿ ಹಿಚುಕುತ್ತ, ಒಳಗಿನ ಎಳೆಗಳೂ ನೆನೆಯುವವರೆಗೆ ನಿಲ್ಲಬೇಕು. ಮೇಲೆ ಒದ್ದೆ, ನಡುವೆ ಒಣ ಎಂಬ ಸ್ಥಿತಿಯಲ್ಲೇ ಬಹಳ ಜನ ಶಾಂಪೂ ಹಾಕಿಬಿಡುತ್ತಾರೆ. ತೊಳೆದ ಮೇಲೆ ನೀರು ತೊಟ್ಟಿಕ್ಕುತ್ತಿರುವಾಗಲೇ ಕಂಡೀಷನರ್ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ, ಅದರ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ 20 ನಿಮಿಷ ಬಿಡುತ್ತೇನೆ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಲಾಭವಿಲ್ಲ. ಆಮೇಲೆ ತೆಳ್ಳಗಿನ, ನೀರು ಮೊದಲ ಘಟಕವಾಗಿರುವ ಲೀವ್-ಇನ್ (ಹಚ್ಚಿ ತೊಳೆಯದೆ ಬಿಡುವ ಕಂಡೀಷನರ್); ಕೊನೆಗೆ ಜೊಜೊಬಾ ಅಥವಾ ದ್ರಾಕ್ಷಿಬೀಜದ ಎಣ್ಣೆ, ಗೊಂಚಲಿಗೆ ಎರಡು ಮೂರು ಹನಿ. ಶಿಯಾ ಬೆಣ್ಣೆ, ಹರಳೆಣ್ಣೆಯಂಥ ದಪ್ಪ ಪದಾರ್ಥಗಳು ಇಲ್ಲಿ ಮೇಲೆಯೇ ಕೂತು, ಮುಂದಿನ ಸಲ ನೀರು ಒಳಹೋಗಲೂ ಅಡ್ಡಿಯಾಗುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಕ್ಲಾರಿಫೈಯಿಂಗ್ ಶಾಂಪೂ ಬೇಕೇ ಬೇಕು.

ಕ್ಯೂಟಿಕಲ್ ತೆರೆಯಲೆಂದು ಅಡುಗೆ ಸೋಡಾ ಹಚ್ಚುವ ಸಲಹೆ ಸುತ್ತಾಡುತ್ತಿರುತ್ತದೆ. ದಯವಿಟ್ಟು ಬೇಡ. ಅದರ ದ್ರಾವಣದ ಪಿಎಚ್ 8ಕ್ಕಿಂತ ಮೇಲೆ. ಕ್ಷಾರದಲ್ಲಿ ಕೂದಲು ಊದಿಕೊಂಡು ಎಳೆಗಳ ನಡುವಿನ ಘರ್ಷಣೆ ಹೆಚ್ಚುತ್ತದೆ. ಚೆನ್ನಾಗಿದ್ದ ಕೂದಲನ್ನು ಕೈಯಾರೆ ಹಾಳುಮಾಡಿಕೊಂಡಂತೆ.

ಹೆಚ್ಚು ಪೊರೋಸಿಟಿಯ ಕೂದಲಿನ ಕೆಲಸ ಸ್ನಾನಕ್ಕೆ ಮುಂಚೆಯೇ ಶುರುವಾಗುತ್ತದೆ. ಅದು ನೀರಿನಲ್ಲಿ ಬೇಗ ಊದಿಕೊಳ್ಳುತ್ತದೆ, ಒಳಗಿನ ಪ್ರೋಟೀನನ್ನೂ ಕಳೆದುಕೊಳ್ಳುತ್ತದೆ. ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡೂ ಕಡಿಮೆಯಾಗುತ್ತವೆ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣುಸರಪಳಿ ಗಿಡ್ಡ, ನೇರ. ಹಾಗಾಗಿ ಎಳೆಯ ಒಳಕ್ಕೆ ಇಳಿಯುತ್ತದೆ. ಮಿನರಲ್ ಆಯಿಲ್‌ಗೂ ಸೂರ್ಯಕಾಂತಿ ಎಣ್ಣೆಗೂ ಆ ಗುಣವಿಲ್ಲ. ಎಳೆದು ಹಿಡಿದರೆ ಭುಜಕ್ಕೆ ಬರುವಷ್ಟು ಉದ್ದಕ್ಕೆ ಎರಡು ಟೀ ಚಮಚ ಸಾಕು, ಹಿಂದಿನ ರಾತ್ರಿಯೇ ಹಚ್ಚಿಟ್ಟರೆ ಒಳ್ಳೆಯದು. ತೊಳೆದ ಮೇಲೆ ಪಿಎಚ್ 4ರಿಂದ 5ರೊಳಗಿನ ಕಂಡೀಷನರ್. ಹೆಸರಿನಲ್ಲಿ ಬೆಹೆಂಟ್ರಿಮೋನಿಯಂ ಅಥವಾ ಸೆಟ್ರಿಮೋನಿಯಂ ಇರುವ ಘಟಕಗಳನ್ನು ನಾನು ಹುಡುಕುತ್ತೇನೆ. ಅವುಗಳಿಗೆ ಧನ ವಿದ್ಯುದಂಶ, ಹಾನಿಯಾದ ಕೂದಲಿಗೆ ಋಣ. ಹಾಳಾದ ಜಾಗಕ್ಕೇ ಹೆಚ್ಚು ಅಂಟುತ್ತವೆ. ಸೆಟೈಲ್ ಆಲ್ಕೋಹಾಲ್ ಎಂಬ ಹೆಸರು ಕಂಡು ಹೆದರಬೇಡಿ, ಅದು ಮೇಣದಂಥ ಕೊಬ್ಬು, ಕೂದಲನ್ನು ಒಣಗಿಸುವುದಿಲ್ಲ. ಒಣಗಿಸುವಂಥದ್ದು ಐಸೊಪ್ರೊಪೈಲ್, ಡಿನೇಚರ್ಡ್ ಆಲ್ಕೋಹಾಲ್‌ಗಳು.

ಪ್ರೋಟೀನ್ ಯಾವಾಗ ಹಾಕಬೇಕು? ಉದುರಿದ ಒಂದು ಒದ್ದೆ ಎಳೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಸ್ವಲ್ಪ ಹಿಗ್ಗಿ ಹಿಂದಿನ ಉದ್ದಕ್ಕೆ ಮರಳಿದರೆ ಸದ್ಯ ಏನೂ ಬೇಡ. ಅಂಟಿನಂತೆ ಹಿಗ್ಗುತ್ತ ಹೋಗಿ ಮರಳದಿದ್ದರೆ ಹೈಡ್ರೊಲೈಸ್ಡ್ (ಸಣ್ಣ ತುಣುಕುಗಳಾಗಿ ಒಡೆದ) ಗೋಧಿ, ರೇಷ್ಮೆ ಅಥವಾ ಕೆರಾಟಿನ್ ಪ್ರೋಟೀನ್ ಇರುವ ಟ್ರೀಟ್‌ಮೆಂಟ್, ಪ್ಯಾಕಿನ ಮೇಲೆ ಹೇಳಿದಷ್ಟೇ ಹೊತ್ತು. ಹಿಗ್ಗದೆ ಪಟ್ಟನೆ ತುಂಡಾದರೆ ಪ್ರೋಟೀನ್ ನಿಲ್ಲಿಸಿ ಮೆದು ಕಂಡೀಷನರ್‌ಗೆ ಮರಳಿ. ಕಡಿಮೆ ಪೊರೋಸಿಟಿಯವರು ಪ್ರೋಟೀನನ್ನು ಪದೇಪದೇ ಹಾಕಿದರೆ ಕೂದಲು ಕಡ್ಡಿಯಾಗುವುದನ್ನು ಬೇಗ ಗಮನಿಸುತ್ತಾರೆ.

ಗಡಸು ನೀರಿನ ಕ್ಯಾಲ್ಸಿಯಂ ಕೂಡ ಹಾನಿಯಾದ ಕೂದಲಿಗೇ ಹೆಚ್ಚು ಅಂಟುತ್ತದೆ. ಕ್ಯಾಲ್ಸಿಯಂನಂಥ ಅಂಶಗಳನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ಘಟಕ ಇರುವ ಕೀಲೇಟಿಂಗ್ ಶಾಂಪೂ ತಿಂಗಳಿಗೊಮ್ಮೆ ಹಾಕಿದರೆ ಅದು ಬಿಡುತ್ತದೆ.

ಸಿಕ್ಕು ಬಿಡಿಸುವುದರಲ್ಲಿ ಮಾತ್ರ ಪೊರೋಸಿಟಿ ಯಾವುದೇ ಇರಲಿ, ನನ್ನ ರೀತಿ ಒಂದೇ. ಒಣಗಿದ ಬಿಗಿ ಸುರುಳಿಗೆ ಬಾಚಣಿಗೆ ಹಾಕುವುದಿಲ್ಲ. ತಲೆಯನ್ನು ಆರರಿಂದ ಎಂಟು ಭಾಗ ಮಾಡಿ ಕ್ಲಿಪ್ ಹಾಕಿ, ಒಂದೊಂದಕ್ಕೂ ಸುಮಾರು ಒಂದು ಟೇಬಲ್ ಚಮಚ ಕಂಡೀಷನರ್, ಮೇಲೆ ಇನ್ನಷ್ಟು ನೀರು. ಹಿಚುಕಿದಾಗ ಪಚಪಚ ಸದ್ದು ಬರಬೇಕು. ಬರದಿದ್ದರೆ ನೀರು ಸಾಲದು, ಕಂಡೀಷನರ್ ಸುರಿಯುತ್ತ ಹೋಗಬೇಡಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಅಂಗುಲ ಅಂಗುಲವಾಗಿ ಬುಡದ ಕಡೆಗೆ. ಗಂಟು ಸಿಕ್ಕಲ್ಲಿ ಅದರ ಮೇಲಿನ ಕೂದಲನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದರೆ ಬುಡಕ್ಕೆ ಜಗ್ಗುವುದಿಲ್ಲ. ಮುಗಿದ ಭಾಗವನ್ನು ಕೂಡಲೇ ಎರಡೆಳೆ ಹೊಸೆದುಬಿಡಿ, ಇಲ್ಲವಾದರೆ ಪಕ್ಕದ ಭಾಗ ಬಿಡಿಸುವಷ್ಟರಲ್ಲಿ ಅದು ಮತ್ತೆ ಗಂಟಾಗುತ್ತದೆ.

ಆಮೇಲೆ ಹಚ್ಚುವ ಸರದಿ. ಹೆಚ್ಚು ಪೊರೋಸಿಟಿಗೆ ಲೀವ್-ಇನ್, ಕ್ರೀಮ್, ಕೊನೆಗೆ ಎಣ್ಣೆ ಅಥವಾ ಶಿಯಾದಂಥ ಬೆಣ್ಣೆ. ತುದಿಗೆ ಎರಡು ಪಾಲು, ಬುಡಕ್ಕೆ ಒಂದು. ಜೆಲ್ ಕೂಡ ಹಚ್ಚುವುದಾದರೆ, ಲೀವ್-ಇನ್ ಮತ್ತು ಜೆಲ್ ಹೊಂದುತ್ತವೆಯೇ ಎಂದು ಅಂಗೈಯಲ್ಲಿ ಕಡಲೆಕಾಳಷ್ಟು ಬೆರೆಸಿ ನೋಡಿ. ಒಡೆದು ಕಣಕಣವಾದರೆ ಒಣಗಿದ ಮೇಲೆ ಕೂದಲಿನಲ್ಲೂ ಬಿಳಿ ಪುಡಿ ಏಳುತ್ತದೆ, ಅದನ್ನು ಹೊಟ್ಟು ಎಂದುಕೊಳ್ಳುವವರೂ ಇದ್ದಾರೆ. ನಿಜವಾದ ಹೊಟ್ಟು ಮತ್ತು ತುರಿಕೆ ಇದ್ದರೆ ನೆತ್ತಿಗೆ ಎಣ್ಣೆ ಹಾಕುವುದು ನಿಲ್ಲಿಸಬೇಕು, ಅದಕ್ಕೆ ಕಾರಣವಾಗುವ ಮಲಾಸೇಜಿಯ ಎಂಬ ಶಿಲೀಂಧ್ರಕ್ಕೆ ಕೊಬ್ಬೇ ಆಹಾರ. ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಎರಡು ಸ್ನಾನಗಳ ನಡುವೆ ನಾನು ಬಳಸುವ ಸಿಂಪಡಣೆ ಸರಳ: ಕುದಿಸಿ ಆರಿಸಿದ 200 ಮಿಲಿ ನೀರಿಗೆ ಒಂದು ಟೀ ಚಮಚ ಗ್ಲಿಸರಿನ್. ಸಂರಕ್ಷಕ ಇಲ್ಲದ್ದರಿಂದ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಬೇಕು. ಗಾಳಿಯಲ್ಲಿ ತೇವ ತುಂಬಿದ ದಿನ ಗ್ಲಿಸರಿನ್ ಹೆಚ್ಚಾದರೆ ಕೂದಲು ಅಂಟಂಟಾಗಿ ಉಬ್ಬುತ್ತದೆ, ಆಗ ಅರ್ಧಕ್ಕಿಳಿಸಿ. ಎರಡು ಮೂರು ದಿನಕ್ಕೊಮ್ಮೆ ತುದಿಗಳಿಗೆ ಸಿಂಪಡಿಸಿದರೆ ಸಾಕು. ರಾತ್ರಿ ಸಡಿಲವಾಗಿ ಹೊಸೆದು ಸ್ಯಾಟಿನ್ ಟೋಪಿ ಹಾಕಿ. ಹತ್ತಿಯ ದಿಂಬಿನ ಚೀಲ ತೇವ ಹೀರುತ್ತದೆ, ಉಜ್ಜುತ್ತದೆ ಕೂಡ. ಹೊಸೆಯುವಾಗ ಹಣೆಯ ಅಂಚಿನಲ್ಲಿ ನೋವಾದರೆ ಅಲ್ಲೇ ಸಡಿಲಿಸಿ, ಸದಾ ಬಿಗಿದ ಜಡೆಯಿಂದ ಆ ಭಾಗದ ಕೂದಲು ಶಾಶ್ವತವಾಗಿ ಹೋಗಬಹುದು.

ಕೂದಲು ನೇರ ಮಾಡುವ ಇಸ್ತ್ರಿ ಯಂತ್ರವನ್ನು ಒದ್ದೆ ಕೂದಲಿಗೆ ತಾಗಿಸಲೇಬಾರದು. ಒಳಗಿನ ನೀರು ಆವಿಯಾಗಿ ಎಳೆಯೊಳಗೆ ಗುಳ್ಳೆಗಳಾಗುತ್ತವೆ, ಅಲ್ಲಿಗೇ ಅದು ಮುರಿಯುತ್ತದೆ. ಸೀಳಿದ ತುದಿಯನ್ನು ಯಾವ ಕ್ರೀಮೂ ಕೂಡಿಸುವುದಿಲ್ಲ. ಕೂದಲನ್ನು ಸಣ್ಣ ಸಣ್ಣ ಹೊಸೆತಗಳಾಗಿ ಮಾಡಿ ಒಣಗಿಸಿ, ಪ್ರತಿಯೊಂದರ ತುದಿಯಲ್ಲಿ ತೆಳ್ಳಗಾಗಿ ಕೆದರಿದ ಭಾಗವನ್ನು ಕೂದಲು ಕತ್ತರಿಸುವ ಹರಿತ ಕತ್ತರಿಯಿಂದ ತೆಗೆಯುತ್ತೇನೆ, ಸಾಮಾನ್ಯವಾಗಿ 1 ಸೆಂ.ಮೀ. ಒಳಗೆ ಮುಗಿಯುತ್ತದೆ. ಅಡುಗೆಮನೆಯ ಮೊಂಡು ಕತ್ತರಿ ಬೇಡ, ಅದು ಕತ್ತರಿಸುವ ಬದಲು ಎಳೆಯನ್ನು ಜಜ್ಜುತ್ತದೆ, ಅಲ್ಲಿಂದ ಸೀಳು ಮತ್ತೆ ಮೇಲೇರುತ್ತದೆ.