ಸಂಜೆ ಆರರ ಬಟ್ಟಲು: ಬೊಜ್ಜಿನ ಪಥ್ಯದಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಬೊಜ್ಜಿನವರಿಗೆ ಪಥ್ಯ ಹೇಳುವ ಕೆಲಸ ಹಿಡಿದು ಒಂಬತ್ತು ವರ್ಷವಾಯಿತು. ಮೊದಲೆರಡು ವರ್ಷ ಎಲ್ಲರಂತೆ ನಾನೂ 1,200 ಕ್ಯಾಲೊರಿಯ ಪಟ್ಟಿ ಬರೆದುಕೊಟ್ಟೆ. ಇಪ್ಪತ್ತು ಜನರಲ್ಲಿ ಸರಾಸರಿ ಆರು ಕಿಲೊ ಇಳಿಯಿತು. ಹಾಗೆ ಇಳಿಯುವುದರಲ್ಲಿ ಸ್ನಾಯುವಿನ ಪಾಲೂ ಇರುತ್ತದೆಂದು ತಿಳಿದದ್ದು ಆಮೇಲೆ. ವರ್ಷ ತುಂಬುವುದರೊಳಗೆ ಹದಿನಾಲ್ಕು ಜನ ಮೊದಲಿನ ತೂಕಕ್ಕೆ ಮರಳಿದರು.

ಸಾಲ ಮಾಡಿ ಸುಮಾರು 1.8 ಲಕ್ಷ ರೂಪಾಯಿಗೆ ಕೊಬ್ಬಿನಂಶ ಅಳೆಯುವ ಯಂತ್ರ ತಂದೆ. ಮೊದಲ ಆರು ತಿಂಗಳ ಅಂಕಿಗಳನ್ನು ಕೈಬಿಡಬೇಕಾಯಿತು. ಆ ಯಂತ್ರ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜಿಸುತ್ತದೆ (ಬಯೋಇಂಪೆಡೆನ್ಸ್); ದೇಹದ ನೀರಿನಂಶ ಬದಲಾದಂತೆ ಆ ಅಳತೆಯೂ ಬದಲಾಗುವುದರಿಂದ, ಒಬ್ಬರಿಗೇ ಬೆಳಿಗ್ಗೆ ಮತ್ತು ಸಂಜೆಗೆ ಮೂರು ಪ್ರತಿಶತದಷ್ಟು ವ್ಯತ್ಯಾಸ ಬರುತ್ತಿತ್ತು. ಈಗ ಬೆಳಿಗ್ಗೆ ಏಳಕ್ಕೆ, ಖಾಲಿ ಹೊಟ್ಟೆಯಲ್ಲಿ, ಮೂತ್ರವಿಸರ್ಜನೆಯ ನಂತರವಷ್ಟೇ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ಆದರೂ ನಾನು ಹೆಚ್ಚು ನಂಬುವುದು ಸೊಂಟ ಅಳೆಯುವ ನಲವತ್ತು ರೂಪಾಯಿಯ ಟೇಪನ್ನು.

ಪಥ್ಯಕ್ಕೆ ಬಂದವರು ಬರೆದ ಊಟದ ದಿನಚರಿಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮೂರಿನ ಅಂಗಡಿಯವರು ಮಧ್ಯಾಹ್ನ ಎರಡಕ್ಕೆ ಉಂಡು, ಆರಕ್ಕೆ ಮಂಡಕ್ಕಿ ಮಿರ್ಚಿ ತಿಂದು, ರಾತ್ರಿ ಹತ್ತೂವರೆಗೆ ಬಾಗಿಲು ಹಾಕಿ ಮನೆಗೆ ಹೋಗಿ ಹೊಟ್ಟೆ ಬಿರಿಯುವಷ್ಟು ಉಣ್ಣುತ್ತಾರೆ. ಬೆಣ್ಣೆ ದೋಸೆಯನ್ನು ಬೈಯುವವರು ಬಹಳ, ಆದರೆ ಅದು ವಾರಕ್ಕೊಮ್ಮೆಯ ಮಾತು. ಸಂಜೆ ಆರು ದಿನವೂ ಬರುತ್ತದೆ. ಒಮ್ಮೆ ಕರಿಯುವ ಮೊದಲು ಮತ್ತು ನಂತರ ಬಾಣಲೆಯ ಎಣ್ಣೆಯನ್ನು ತೂಗಿ ನೋಡಿದೆ: ಒಂದು ಮಿರ್ಚಿ ಏಳೆಂಟು ಗ್ರಾಂ ಹೀರಿತ್ತು. ನಾಲ್ಕು ತಿಂದರೆ ಎಣ್ಣೆಯಿಂದಲೇ 270 ಕ್ಯಾಲೊರಿಯಾಯಿತು.

ಹಾಗಾಗಿ ರಾತ್ರಿಯೂಟವನ್ನು ಮುಟ್ಟದೆ, ಸಂಜೆ ಆರಕ್ಕೆ ಒಂದು ಬಟ್ಟಲು ಮೊಳಕೆ ಹುರುಳಿಕಾಳಿನ ಉಸುಳಿ, ಇಲ್ಲವೇ ಎರಡು ಮೊಟ್ಟೆ ಮತ್ತು ಮಜ್ಜಿಗೆ ಹೇಳಿದೆ. ಜೊತೆಗೆ ಅಂಗಡಿಯ ಕುರ್ಚಿಯಿಂದಲೇ ಎದ್ದು ಕೂರುವ ವ್ಯಾಯಾಮವನ್ನು ದಿನಕ್ಕೆ ಮೂರು ಸರ್ತಿ ಸೇರಿಸಿದೆ. ತಿನ್ನಿಸಿ ಕರಗಿಸುತ್ತೀರಾ ಎಂದು ಜೊತೆಯ ಆಹಾರತಜ್ಞರೇ ಕೇಳಿದರು.

ಬಟ್ಟೆ ಅಂಗಡಿಯ ಒಬ್ಬರು ಎರಡನೇ ತಿಂಗಳಿಗೆ ಬಂದು, "ತೂಕ ಒಂದು ಕಿಲೊನೂ ಇಳಿದಿಲ್ಲಲ್ರೀ ಮೇಡಂ, ರೊಕ್ಕ ಯಾತಕ್ಕೆ ಕೊಡ್ಲಿ?" ಎಂದರು. ಟೇಪು ಹಿಡಿದು ತೋರಿಸಿದೆ. ಸೊಂಟ ನಾಲ್ಕು ಸೆಂಟಿಮೀಟರ್ ಒಳಗೆ ಹೋಗಿತ್ತು. ಐದು ತಿಂಗಳಿಗೆ 94 ಕಿಲೊ 89ಕ್ಕೂ, ಸೊಂಟ 112ರಿಂದ 103ಕ್ಕೂ, ಕೊಬ್ಬು 36ರಿಂದ 32 ಪ್ರತಿಶತಕ್ಕೂ ಬಂದವು. ಲೆಕ್ಕ ಹಾಕಿ ನೋಡಿ, ಇಳಿದದ್ದೆಲ್ಲ ಕೊಬ್ಬೇ. ಗಂಡಸರ ಸೊಂಟಕ್ಕೆ ಹೇಳುವ 90 ಸೆಂಟಿಮೀಟರಿನ ಗೆರೆ ಇನ್ನೂ ದೂರವಿದೆ, ಆದರೆ ಅವರು ರಾತ್ರಿ ಐದು ಚಪಾತಿಯಿಂದ ಮೂರಕ್ಕೆ ತಾವಾಗಿಯೇ ಬಂದಿದ್ದರು. ಹೊತ್ತು ಬದಲಾದದ್ದರಿಂದಲೇ ಇಳಿಯಿತೆಂದು ನಾನು ವಾದಿಸುವುದಿಲ್ಲ. ಹಸಿದು ಕಂಗೆಟ್ಟು ತಟ್ಟೆಯ ಮುಂದೆ ಕೂರುವುದು ತಪ್ಪಿತು.

ಎಣ್ಣೆಯ ಲೆಕ್ಕವನ್ನು ಮನೆಯವರ ಕೈಗೆ ಕೊಟ್ಟೆ. ನಾಲ್ವರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಮೂರಕ್ಕೆ ಇಳಿದರೆ ತಲೆಗೆ ದಿನಕ್ಕೆ ಹದಿನೈದು ಗ್ರಾಂ ಕಡಿಮೆಯಾಗುತ್ತದೆ. ದಿನಚರಿಯನ್ನು ಸುಳ್ಳಿಲ್ಲದೆ ಬರೆಸುವ ಬಗೆಯನ್ನು ಮಾತ್ರ ಇಲ್ಲಿ ಹೇಳಲಾರೆ. ಅದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಇದುವರೆಗೆ ಅರವತ್ತು ಜನರಲ್ಲಿ ನಲವತ್ತರಷ್ಟು ಮಂದಿಗೆ ಫಲ ಸಿಕ್ಕಿದೆ. ರಾತ್ರಿ ಪಾಳಿಯವರಿಗೆ ಆರರ ಬಟ್ಟಲು ಹೊಂದಲಿಲ್ಲ. ಅವರಿಗೆ ಬೆಳಗಿನ ಜಾವ ನಾಲ್ಕರ ಬಟ್ಟಲನ್ನು ಈಗ ಪ್ರಯತ್ನಿಸುತ್ತಿದ್ದೇನೆ.