ಕಡತ ಕಣ್ಣೆದುರೇ ಇತ್ತು, ಆದರೂ ‘ಸಿಗಲಿಲ್ಲ’

ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ನನ್ನ ಬ್ಯಾಕಪ್ ಸ್ಕ್ರಿಪ್ಟ್, ಫ್ರೀಬಿಎಸ್‌ಡಿ (ಯುನಿಕ್ಸ್ ಬಳಗದ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ಯಂತ್ರದಲ್ಲಿ ‘ಕಡತ ಸಿಗಲಿಲ್ಲ’ ಎಂದು ನಿಂತುಬಿಟ್ಟಿತು. ಅನುಮತಿಗಳನ್ನು ತಿದ್ದುತ್ತಲೇ ಒಂದು ಸಂಜೆ ಕಳೆಯಿತು. ಕೊನೆಗೆ ಕಣ್ಣಿಗೆ ಬಿದ್ದದ್ದು ಮೊದಲ ಸಾಲಿನ ‘/ಬಿನ್/ಬ್ಯಾಶ್’. ಸ್ಕ್ರಿಪ್ಟನ್ನು ಓದಿ ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಂ ಎಲ್ಲಿದೆಯೆಂದು ಹೇಳುವ ಸಾಲು ಅದು; ಸಿಗದೇ ಹೋದದ್ದು ನನ್ನ ಕಡತವಲ್ಲ, ಬ್ಯಾಶ್. ಫ್ರೀಬಿಎಸ್‌ಡಿಯ ಮೂಲ ವ್ಯವಸ್ಥೆಯಲ್ಲಿ ಬ್ಯಾಶ್ ಇರುವುದೇ ಇಲ್ಲ. ಬ್ಯಾಶ್ ಸೇರಿದಂತೆ ನಾವಾಗಿ ಹಾಕಿಕೊಂಡ ಪ್ಯಾಕೇಜುಗಳೆಲ್ಲ ‘/ಯುಎಸ್‌ಆರ್/ಲೋಕಲ್’ ಕೆಳಗೆ ಕೂರುತ್ತವೆ, ಅವುಗಳ ಸಂರಚನಾ ಕಡತಗಳೂ ಅಲ್ಲಿನ ‘ಇಟಿಸಿ’ಯಲ್ಲೇ. (ಇದರ ಸೋದರ ವ್ಯವಸ್ಥೆ ನೆಟ್‌ಬಿಎಸ್‌ಡಿಯಲ್ಲಿ ಆ ಜಾಗ ‘/ಯುಎಸ್‌ಆರ್/ಪಿಕೆಜಿ’.) ವ್ಯವಸ್ಥೆಯದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂಬುದು ಒಂದೇ ನೋಟಕ್ಕೆ ತಿಳಿಯುವ ಈ ಅಚ್ಚುಕಟ್ಟು ನನಗೆ ಬಹಳ ಹಿಡಿಸಿತು.

ಮೊದಲ ಸಾಲನ್ನು ‘#!/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್’ ಎಂದು ಬದಲಿಸಿದೆ. ಎನ್ವ್ ಆಜ್ಞೆಯು ಪಾತ್ (ಪ್ರೋಗ್ರಾಂಗಳನ್ನು ಹುಡುಕಬೇಕಾದ ಫೋಲ್ಡರ್‌ಗಳ ಪಟ್ಟಿ) ನೋಡಿ ಬ್ಯಾಶ್ ಎಲ್ಲಿದೆಯೆಂದು ತಾನೇ ಹುಡುಕಿಕೊಳ್ಳುತ್ತದೆ. ಕ್ರಾನ್ (ನಿಗದಿತ ಸಮಯಕ್ಕೆ ಕೆಲಸಗಳನ್ನು ತಾನೇ ಓಡಿಸುವ ಸೌಲಭ್ಯ) ಮೂಲಕ ಓಡಿಸುವವರು ಅದರ ಪಾತ್‌ನಲ್ಲಿ ‘/ಯುಎಸ್‌ಆರ್/ಲೋಕಲ್/ಬಿನ್’ ಇದೆಯೇ ಎಂದು ನೋಡಿಕೊಳ್ಳಿ. ಈಗ ಅದೇ ಕಡತ ಎರಡೂ ಯಂತ್ರಗಳಲ್ಲಿ ಓಡುತ್ತಿದೆ.