ವರದಿ ಕೈಗೆ ಬರುವ ತನಕ: ನನ್ನ ಅನುಭವ

2017ರಲ್ಲಿ ನನ್ನ ಎಡ ಸ್ತನದಲ್ಲಿದ್ದ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅದರ ಬೆನ್ನಿಗೇ ವಿಕಿರಣ ಚಿಕಿತ್ಸೆ ನಡೆಯಿತು. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವ ಬಗೆಯದಾಗಿದ್ದುದರಿಂದ ಟ್ಯಾಮಾಕ್ಸಿಫೆನ್ ಮಾತ್ರೆಯೂ ಆರಂಭವಾಯಿತು. ಅಲ್ಲಿಂದೀಚೆಗೆ ನಾಲ್ಕು ಸಲ ಕ್ಯಾನ್ಸರ್ ಮತ್ತೆ ಬಂದಿದೆಯೇನೋ ಎಂಬ ಶಂಕೆ ಎದ್ದಿದೆ, ನಾಲ್ಕು ಸಲವೂ ಅದು ಕ್ಯಾನ್ಸರ್ ಆಗಿರಲಿಲ್ಲ. ಆದರೆ ಆ ನಾಲ್ಕು ಸಲ ಫಲಿತಾಂಶಕ್ಕಾಗಿ ಕಾದ ದಿನಗಳನ್ನು ಕೂಡಿಸಿದರೆ ಮೂರು ತಿಂಗಳಾಗುತ್ತವೆ. ಶಸ್ತ್ರಚಿಕಿತ್ಸೆಯ ನೋವು ನನಗೆ ಬಹುಮಟ್ಟಿಗೆ ಮರೆತುಹೋಗಿದೆ, ಆ ದಿನಗಳು ಮರೆತಿಲ್ಲ. ಹಾಸನದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಅವನ್ನು ಹೇಗೆ ಕಳೆದೆ, ಮೊದಲ ಸಲ ಮಾಡಿದ ಯಾವ ತಪ್ಪುಗಳನ್ನು ನಾಲ್ಕನೆಯ ಸಲ ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು 2019ರ ಜನವರಿಯಲ್ಲಿ. ಸ್ನಾನ ಮಾಡುವಾಗ ಹಳೆಯ ಗಾಯದ ಕಲೆಯ ಪಕ್ಕದಲ್ಲಿ ಅಡಿಕೆಯಷ್ಟು ಗಾತ್ರದ ಗಟ್ಟಿ ಗಂಟೊಂದು ಬೆರಳಿಗೆ ಸಿಕ್ಕಿತು. ಸ್ಕ್ಯಾನಿಂಗ್ ಮಾಡಿದವರು ಬಯಾಪ್ಸಿ, ಎಂದರೆ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು, ಬೇಕೆಂದರು. ನಾಲ್ಕು ದಿನದಲ್ಲಿ ವರದಿ ಬರುತ್ತದೆ ಎಂದಿದ್ದರು, ಬಂದದ್ದು ಹನ್ನೊಂದನೆಯ ದಿನ. ಐದನೆಯ ದಿನ ಪ್ರಯೋಗಾಲಯಕ್ಕೆ ಫೋನ್ ಮಾಡಿದಾಗ, ಆ ಕಡೆಯವರು “ಅದನ್ನು ಡಾಕ್ಟರನ್ನೇ ಕೇಳಿ” ಎಂದು ಫೋನ್ ಇಟ್ಟರು. ಆ ಒಂದು ಮಾತಿನಿಂದ ನಾನೇ ಫಲಿತಾಂಶವನ್ನು ತೀರ್ಮಾನಿಸಿಬಿಟ್ಟೆ. ತಡವಾಗಿದೆಯೆಂದರೆ ಕೆಟ್ಟದ್ದೇ ಇರಬೇಕು, ಹೇಳಲು ಹಿಂಜರಿಯುತ್ತಿದ್ದಾರೆ ಎಂದುಕೊಂಡು ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬೀರಲು ಬಂದ ಮಕ್ಕಳ ಮುಖ ನೋಡಲಾಗದೆ ಒಳಗೆ ಹೋಗಿ ಕುಳಿತೆ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಗಂಟು ದೊಡ್ಡದಾಯಿತೇ ಎಂದು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿ ಆ ಜಾಗವೆಲ್ಲ ಊದಿಕೊಂಡಿತು, ಊದಿದ್ದನ್ನು ಕಂಡು ಇನ್ನಷ್ಟು ಹೆದರಿದೆ. ಕೊನೆಗೆ ವರದಿಯಲ್ಲಿದ್ದದ್ದು ಕೊಬ್ಬಿನ ಅಂಗಾಂಶ ಸತ್ತು ಗಟ್ಟಿಯಾಗಿದೆ ಎಂಬುದು. ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ನಂತರ ಹೀಗಾಗುವುದುಂಟು, ಕೈಗೂ ಸ್ಕ್ಯಾನಿಗೂ ಅದು ಕ್ಯಾನ್ಸರಿನಂತೆಯೇ ಕಾಣಬಹುದು ಎಂದು ಡಾಕ್ಟರು ವಿವರಿಸಿದರು.

ಹನ್ನೊಂದು ದಿನ ಏಕೆ ಬೇಕಾಯಿತು ಎಂದು ಅವತ್ತು ನಾನು ಕೇಳಿದೆ. ಆ ಪ್ರಶ್ನೆಗೆ ಸಿಕ್ಕ ಉತ್ತರದಿಂದ ನನಗಾದ ಉಪಕಾರ ಬೇರಾವ ಸಾಂತ್ವನದಿಂದಲೂ ಆಗಿಲ್ಲ. ದೇಹದಿಂದ ತೆಗೆದ ತುಣುಕನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿಡಬೇಕು. ಸ್ತನದ ಅಂಗಾಂಶವಾದರೆ ಕನಿಷ್ಠ 6 ಗಂಟೆ, ಅವಸರ ಮಾಡಿದರೆ ಮುಂದೆ ಬೇಕಾಗಬಹುದಾದ ಹಾರ್ಮೋನ್ ಪರೀಕ್ಷೆಗಳ ಫಲಿತಾಂಶವೇ ಕೆಡುತ್ತದೆ. ಆಮೇಲೆ ಅದರ ನೀರಿನಂಶವನ್ನು ಆಲ್ಕೋಹಾಲಿನಿಂದ ಹಂತಹಂತವಾಗಿ ತೆಗೆದು, ಕರಗಿದ ಮೇಣದಲ್ಲಿ ಕೂರಿಸಿ ಅಚ್ಚು ಮಾಡಿ, ಆ ಅಚ್ಚಿನಿಂದ ಸುಮಾರು 4 ಮೈಕ್ರಾನ್ ದಪ್ಪದ, ಎಂದರೆ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪದರಗಳನ್ನು ಕೊಯ್ದು ಗಾಜಿನ ಮೇಲೆ ಹರಡಿ, ನೀಲಿ ಮತ್ತು ಗುಲಾಬಿ ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯರಿಗೆ ಎಲ್ಲಿಯಾದರೂ ಸಂದೇಹ ಬಂದರೆ ಅದೇ ಅಚ್ಚಿನಿಂದ ಮತ್ತೆ ಪದರ ತೆಗೆಸುತ್ತಾರೆ, ವಿಶೇಷ ಬಣ್ಣದ ಪರೀಕ್ಷೆಗಳಿಗೆ ಹೇಳುತ್ತಾರೆ, ಇನ್ನೊಬ್ಬ ಪರಿಣತರಿಗೆ ತೋರಿಸುತ್ತಾರೆ. ನನ್ನ ತುಣುಕಿಗೆ ಇವೆಲ್ಲವೂ ಆಗಿದ್ದವು, ನಡುವೆ ಭಾನುವಾರ ಮತ್ತು ಹಬ್ಬದ ರಜೆಯೂ ಬಂದಿದ್ದವು. ಯಾರೋ ನನ್ನ ವಿಷಯದಲ್ಲಿ ಎಚ್ಚರಿಕೆ ವಹಿಸಿ ಮತ್ತೊಮ್ಮೆ ನೋಡುತ್ತಿದ್ದ ಆ ದಿನಗಳನ್ನೇ ನಾನು ನನ್ನ ವಿರುದ್ಧದ ಸಾಕ್ಷ್ಯವೆಂದು ತಿಳಿದಿದ್ದೆ.

ಆದ್ದರಿಂದ 2020ರಲ್ಲಿ, ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡು ಗರ್ಭಕೋಶದ ಒಳಪದರದ ತುಣುಕು ತೆಗೆದಾಗ, ಅಲ್ಲಿಂದ ಏಳುವ ಮೊದಲೇ ಯಾವ ದಿನ ವರದಿ ಬರುತ್ತದೆ, ಆ ದಿನ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಹೆಚ್ಚುವರಿ ಪರೀಕ್ಷೆ ಬೇಕಾದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಟ್ಯಾಮಾಕ್ಸಿಫೆನ್ ಗರ್ಭಕೋಶದ ಒಳಪದರವನ್ನು ದಪ್ಪವಾಗಿಸಬಲ್ಲದು, ಅಪರೂಪಕ್ಕೆ ಅಲ್ಲಿ ಕ್ಯಾನ್ಸರಿಗೂ ಕಾರಣವಾಗಬಲ್ಲದು ಎಂಬುದು ನನಗೆ ಗೊತ್ತಿತ್ತು. ಒಂಬತ್ತನೆಯ ದಿನ, ಅದು ಬರಿಯ ಪಾಲಿಪ್, ಕ್ಯಾನ್ಸರ್ ಅಲ್ಲದ ಸಣ್ಣ ಮಾಂಸದ ಬೆಳವಣಿಗೆ ಎಂದು ತಿಳಿಯಿತು. ಕೊನೆಯ ದಿನಾಂಕವೊಂದು ಕಣ್ಣೆದುರಿಗಿದ್ದರೆ ಭಯ ಕಡಿಮೆಯಾಗುತ್ತದೆ ಎಂದು ನಾನು ಹೇಳಲಾರೆ. ಆದರೆ ಅದಕ್ಕೊಂದು ಅಂಚು ಬರುತ್ತದೆ.

2021ರ ಏಪ್ರಿಲ್‌ನಲ್ಲಿ ಕೋವಿಡ್ ಲಸಿಕೆಯನ್ನು ಬಲಗೈಗೆ ಹಾಕಿಸಿಕೊಂಡಿದ್ದೆ. ಎಡ ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದುದರಿಂದ ಆ ಕೈಗೆ ಸೂಜಿ ಚುಚ್ಚಿಸುವುದಿಲ್ಲ. ಹತ್ತು ದಿನದ ನಂತರದ ವಾರ್ಷಿಕ ತಪಾಸಣೆಯಲ್ಲಿ ಬಲ ಕಂಕುಳಿನ ಗ್ರಂಥಿ ಊದಿರುವುದು ಕಂಡಿತು. ಆ ವರ್ಷ ಜಗತ್ತಿನ ಹಲವೆಡೆ ಲಸಿಕೆಯ ನಂತರ ಹೀಗಾಗುತ್ತಿದ್ದುದರಿಂದ ವೈದ್ಯರು ಲಸಿಕೆಯ ದಿನಾಂಕವನ್ನು ಕೇಳಿ, ಸ್ತನದ ಸ್ಕ್ಯಾನ್ ವರದಿಗಳನ್ನು ಕ್ಯಾನ್ಸರಿನ ಸಾಧ್ಯತೆಗೆ ತಕ್ಕಂತೆ ವಿಂಗಡಿಸುವ ಬೈ-ರ್ಯಾಡ್ಸ್ ಪಟ್ಟಿಯ 3ನೆಯ ವರ್ಗ ಎಂದು ಬರೆದು, ಎಂಟು ವಾರ ಬಿಟ್ಟು ಬರಲು ಹೇಳಿದರು. ಆ ವರ್ಗದಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡು ಅಥವಾ ಅದಕ್ಕೂ ಕಡಿಮೆ. ಸಂಭವನೀಯತೆಯ ಪಾಠವನ್ನು ಎಷ್ಟೋ ವರ್ಷ ಕಲಿಸಿದ ನನಗೆ ಹಗಲು ಹೊತ್ತು ಆ ಸಂಖ್ಯೆ ಆಸರೆಯಾಗಿತ್ತು, ರಾತ್ರಿ ಆಗಲಿಲ್ಲ. ಕಂಕುಳನ್ನು ಭಾನುವಾರ ಒಮ್ಮೆ ಮಾತ್ರ ಮುಟ್ಟಿ ನೋಡುತ್ತೇನೆ ಎಂದು ನಿಯಮ ಮಾಡಿಕೊಂಡೆ, ಮೊದಲ ವಾರ ಮುರಿದೆ, ಆಮೇಲೆ ಪಾಲಿಸಿದೆ. ಜೂನ್ ಕೊನೆಯಲ್ಲಿ ನೋಡಿದಾಗ ಗ್ರಂಥಿ ಇಳಿದಿತ್ತು.

ನಾಲ್ಕನೆಯದೇ ಎಲ್ಲಕ್ಕಿಂತ ಕಠಿಣವಾದದ್ದು. 2023ರ ಏಪ್ರಿಲ್‌ನಲ್ಲಿ ಎಡ ಕತ್ತಿನ ಬುಡದಲ್ಲಿ, ಕೊರಳೆಲುಬಿನ (ಕಾಲರ್ ಬೋನ್) ಮೇಲ್ಭಾಗದಲ್ಲಿ ಗಂಟು ಕಾಣಿಸಿಕೊಂಡಿತು. ಸ್ತನ ಕ್ಯಾನ್ಸರ್ ಮರಳುವ ಜಾಗಗಳಲ್ಲಿ ಅದೂ ಒಂದು. ಪೆಟ್ ಸ್ಕ್ಯಾನಿನಲ್ಲಿ ಅದು ಹೊಳೆಯಿತು. ಗ್ಲೂಕೋಸನ್ನು ಹೆಚ್ಚು ಬಳಸುವ ಯಾವ ಜೀವಕೋಶವಾದರೂ ಹಾಗೆ ಹೊಳೆಯಬಲ್ಲದು, ನಮ್ಮ ದೇಶದಲ್ಲಿ ಕ್ಷಯದ ಗ್ರಂಥಿಗಳೂ ಹೊಳೆಯುತ್ತವೆ, ತುಣುಕು ನೋಡದೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಆ ಹದಿನಾಲ್ಕು ದಿನಗಳಿಗೆ ಹಿಂದಿನ ಮೂರರಿಂದ ಕಲಿತದ್ದನ್ನೆಲ್ಲ ಬಳಸಿದೆ.

ಈಗ ವರದಿಗಳು ಡಾಕ್ಟರ ಕೈ ಸೇರುವ ಮೊದಲೇ ನಮ್ಮ ಮೊಬೈಲಿಗೆ ಬರುತ್ತವೆ. ಎರಡನೆಯ ಸಲ ನಾನೇ ತೆರೆದು, ಅರ್ಥವಾಗದ ಪದಗಳ ನಡುವೆ ಒಂದು ಗಂಟೆ ನರಳಿದ್ದೆ. ಈ ಸಲ ಬೆಂಗಳೂರಿನಲ್ಲಿರುವ ಮಗಳು, “ಅಮ್ಮಾ, ನನ್ನ ನಂಬರ್ ಕೊಡು, ನಾನೂ ತೆರೆಯೋದಿಲ್ಲ, ಡಾಕ್ಟರ ಎದುರಿಗೇ ನೋಡೋಣ” ಎಂದಳು. ಅವಳು ತೆರೆದು ನೋಡಿದ್ದರೆ ಅವಳ ದನಿಯಿಂದಲೇ ನನಗೆ ತಿಳಿದುಬಿಡುತ್ತಿತ್ತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೊದಲ ಸಲ ಅತ್ತೆಗೆ ವಿಷಯ ತಿಳಿಸದೆ ಮುಚ್ಚಿಟ್ಟಿದ್ದೆವು. ಪಕ್ಕದ ಮನೆಯವರಿಂದ ತಿಳಿದು ಅವರು ಬಹಳ ನೊಂದುಕೊಂಡಿದ್ದರು. ನಾಲ್ಕನೆಯ ಸಲ ಎಲ್ಲರಿಗಿಂತ ಮೊದಲು ಅವರಿಗೇ ಹೇಳಿದೆ. “ಹೇಳಿದ್ದು ಒಳ್ಳೇದಾಯ್ತು ಕಣವ್ವ, ನಾನೂ ನಿನ್ ಜೊತೆ ಕಾಯ್ತೀನಿ” ಎಂದರು. “ಏನೂ ಆಗಿರುವುದಿಲ್ಲ, ಧೈರ್ಯವಾಗಿರಿ” ಎಂದವರು ಹಲವರಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಆದರೆ ಆ ಮಾತಿನ ನಂತರ ನನ್ನ ಭಯವನ್ನು ಅವರೆದುರು ಹೇಳಲು ಆಗುತ್ತಿರಲಿಲ್ಲ. ಗುರುವಾರ ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದ ಸಹೋದ್ಯೋಗಿಯಿಂದ ನಿಜವಾದ ಬಲ ಸಿಕ್ಕಿತು.

ಭಯಪಡಲು ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿಕೊಟ್ಟಿದ್ದರು. ಸಂಜೆ ಐದೂವರೆಯಿಂದ ಆರರವರೆಗೆ ಹಿತ್ತಿಲ ಜಗುಲಿಯಲ್ಲಿ ಕುಳಿತು ಮನಸ್ಸಿಗೆ ಬಂದ ಕೆಟ್ಟದ್ದನ್ನೆಲ್ಲ ನೋಟ್‌ಪುಸ್ತಕದ ಬಲಪುಟದಲ್ಲಿ ಬರೆಯುತ್ತಿದ್ದೆ. ಡಾಕ್ಟರನ್ನು ಕೇಳಬಹುದಾದ ಪ್ರಶ್ನೆ ಅದರಲ್ಲಿದ್ದರೆ ಎಡಪುಟಕ್ಕೆ ಸೇರಿಸುತ್ತಿದ್ದೆ. ಉಳಿದ ಹೊತ್ತು ಭಯ ಬಂದಾಗ ಸಂಜೆಗೆ ಬಾ ಎನ್ನುತ್ತಿದ್ದೆ. ಕೆಲವು ದಿನ ಅದು ಕೇಳಿತು, ಕೆಲವು ದಿನ ಕೇಳಲಿಲ್ಲ. ಓದುವುದು, ಟಿವಿ ನೋಡುವುದು ನನ್ನಿಂದ ಆಗಲಿಲ್ಲ. ಕೈಗೆ ಕೆಲಸವಿದ್ದು ಜೊತೆಗೆ ಸಣ್ಣ ಸಣ್ಣ ತೀರ್ಮಾನ ಮಾಡಬೇಕಾದ ಕೆಲಸವೇ ಹಿತವಾಗಿತ್ತು: ಸೊಪ್ಪು ಬಿಡಿಸುವುದು, ಹೂ ಕಟ್ಟುವುದು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ರಜೆ ಹಾಕಿ ಎಂದು ಮನೆಯವರು ಹೇಳಿದರೂ ಹೋದೆ. ಒಂದೊಂದು ಉತ್ತರಪತ್ರಿಕೆಯ ಹಿಂದೆಯೂ ಫಲಿತಾಂಶಕ್ಕೆ ಕಾಯುವ ಒಂದು ಮಗುವಿದೆ ಎಂಬುದು ಆ ವರ್ಷ ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು.

ಹದಿನಾಲ್ಕನೆಯ ದಿನ ಡಾಕ್ಟರು ವರದಿಯನ್ನು ಓದಿ ಕ್ಷಯ ಎಂದರು. ಆರು ತಿಂಗಳು ಮಾತ್ರೆ ನುಂಗಬೇಕಾದ ಕಾಯಿಲೆಯ ಹೆಸರು ಕೇಳಿ ನಾನೂ ಮಗಳೂ ಅಲ್ಲಿಯೇ ಅತ್ತೆವು, ಸಮಾಧಾನದಿಂದ.

ನಾಲ್ಕು ಸಲ ಹೆದರಿ ನಾಲ್ಕು ಸಲ ಪಾರಾದವರಿಗೆ ಇನ್ನೊಂದು ಅಪಾಯವಿದೆ, ಅದು ನನಗೆ ಕಳೆದ ವರ್ಷ ಅರಿವಾಯಿತು. ಮತ್ತೆ ಕಾಯುವ ಶಕ್ತಿಯಿಲ್ಲವೆಂದು ವಾರ್ಷಿಕ ಮ್ಯಾಮೋಗ್ರಾಮನ್ನು ಎರಡು ತಿಂಗಳು ಮುಂದೂಡಿದ್ದೆ. ಮಗಳು ಕೇಳಿದಾಗ ಶಾಲೆಯ ಕೆಲಸದ ನೆಪ ಹೇಳಿದೆ. ಅತ್ತೆ ಏನೂ ಹೇಳದೆ ಆ ನೋಟ್‌ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಮರುದಿನ ಬೆಳಿಗ್ಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು, ವರದಿ ಬರುವ ದಿನಾಂಕವನ್ನು ಎಡಪುಟದಲ್ಲಿ ಬರೆದೆ.